ಹೊಸ ಮನೆಗೆ ಹಳೆಯ ದಾಖಲೆ

ಒಂದು ಊರಿನಿಂದ ಇನ್ನೊಂದು ಊರಿಗೆ ಮನೆ ಬದಲಾಯಿಸುವವರು ಪಾತ್ರೆಪಡಗಗಳನ್ನೂ ಹಾಸಿಗೆ ಬಟ್ಟೆಗಳನ್ನೂ ಜೋಪಾನವಾಗಿ ಕಟ್ಟಿ ಸಾಗಿಸುತ್ತಾರೆ. ದಾರಿಯಲ್ಲಿ ಒಂದು ಗಡಿಗೆ ಒಡೆದರೆ ಗಂಟು ಬಿಚ್ಚಿದ ಕೂಡಲೇ ಅದು ಗೊತ್ತಾಗುತ್ತದೆ. ದಾಖಲೆಯ ವಿಷಯ ಹಾಗಲ್ಲ. ಸಾವಿರ ಹಾಳೆಗಳ ಕಟ್ಟಿನಲ್ಲಿ ಒಂದು ಹಾಳೆ ಕಳೆದುಹೋದರೆ, ಅಥವಾ ಒಂದು ಹಾಳೆಯಲ್ಲಿ ಒಂದು ಅಂಕಿ ಅಳಿಸಿಹೋದರೆ, ಕಟ್ಟು ಮೊದಲಿನಂತೆಯೇ ಕಾಣುತ್ತದೆ. ಹತ್ತು ವರ್ಷಗಳ ಮೇಲೆ ಆ ಹಾಳೆ ಬೇಕಾದಾಗ ಮಾತ್ರ ನಷ್ಟವು ಬೆಳಕಿಗೆ ಬರುತ್ತದೆ. ಅಷ್ಟರಲ್ಲಿ ಅದನ್ನು ಸರಿಪಡಿಸುವ ಕಾಲವು ಮೀರಿಹೋಗಿರುತ್ತದೆ. ಆದುದರಿಂದ ದಾಖಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ವಿಶೇಷವಾದ ಎಚ್ಚರಿಕೆಯನ್ನು ಬೇಡುವ ಕೆಲಸವಾಗಿದೆ.

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರುಗಳ ದೂರದಲ್ಲಿ ತಿಕೋಟಾ ಇದೆ. ನೈಋತ್ಯಕ್ಕೆ ಸುಮಾರು 25 ಕಿಲೋಮೀಟರುಗಳ ದೂರದಲ್ಲಿ ಬಬಲೇಶ್ವರವಿದೆ. ಬಿಳಿಜೋಳ ಬೆಳೆಯುವ ಕರಿಯ ಎರೆಹೊಲಗಳಿಗೂ ದ್ರಾಕ್ಷಿಯ ತೋಟಗಳಿಗೂ ಈ ಸೀಮೆ ಹೆಸರಾದುದು. ಈ ಎರಡೂ ಊರುಗಳು ಬಹುಕಾಲ ವಿಜಯಪುರ ತಾಲ್ಲೂಕಿಗೆ ಸೇರಿದ್ದವು. 2017ರಲ್ಲಿ ರಾಜ್ಯದ ಆಯವ್ಯಯ ಪತ್ರವು 49 ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ತಿಕೋಟಾ ಮತ್ತು ಬಬಲೇಶ್ವರಗಳೂ ಅವುಗಳಲ್ಲಿ ಸೇರಿದವು. 2018ರಲ್ಲಿ ಅವು ಪ್ರತ್ಯೇಕ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದವು. ತಾಲ್ಲೂಕು ಬೇರೆಯಾದುದರಿಂದ ಹೊಲವೇನೂ ಕದಲಲಿಲ್ಲ. ಬದು ಇದ್ದಲ್ಲಿಯೇ ಉಳಿಯಿತು, ಬಾವಿ ಇದ್ದಲ್ಲಿಯೇ ಉಳಿಯಿತು. ಕದಲಬೇಕಾದುದು ಹೊಲದ ದಾಖಲೆ ಮಾತ್ರ. ಅಂದಿನವರೆಗೆ ವಿಜಯಪುರ ತಾಲ್ಲೂಕಿನ ಹೆಸರಿನಲ್ಲಿದ್ದ ಹಳ್ಳಿಗಳ ಲೆಕ್ಕವು ಹೊಸ ತಾಲ್ಲೂಕುಗಳ ಹೆಸರಿಗೆ ಬರಬೇಕಾಯಿತು.

ಆ ದಾಖಲೆಯನ್ನು ಸರಕಾರವು ಪಹಣಿಯೆಂದು ಕರೆಯುತ್ತದೆ. ಈ ಭಾಗದ ರೈತರು ಉತಾರವೆನ್ನುತ್ತಾರೆ. ಹೊಲದ ಸರ್ವೆ ನಂಬರು, ಅದರ ವಿಸ್ತೀರ್ಣ, ಒಡೆಯನ ಹೆಸರು, ಮಣ್ಣಿನ ಬಗೆ, ಬೆಳೆ, ಸಾಲದ ಹೊಣೆ ಮೊದಲಾದ ವಿವರಗಳೆಲ್ಲ ಅದರಲ್ಲಿ ಅಡಗಿರುತ್ತವೆ. ಬ್ಯಾಂಕಿನಲ್ಲಿ ಬೆಳೆಸಾಲ ಕೇಳುವಾಗ, ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ, ಹೊಲವನ್ನು ಕೊಳ್ಳುವಾಗ ಅಥವಾ ಮಾರುವಾಗ ಮೊದಲು ಕೇಳುವುದು ಇದನ್ನೇ. 4 ಎಕರೆ 12 ಗುಂಟೆ ಎಂಬಲ್ಲಿ 4 ಎಕರೆ 2 ಗುಂಟೆ ಎಂದಾದರೆ ಕಾಗದದ ಮೇಲೆ ಅಳಿದುದು ಒಂದೇ ಒಂದು ಅಂಕಿ. ಆದರೆ ಆ ಕುಟುಂಬವು ಕಳೆದುಕೊಳ್ಳುವುದು 10 ಗುಂಟೆ ನೆಲ, ಎಂದರೆ ಕಾಲು ಎಕರೆ.

ಹಿಂದೆ ಈ ದಾಖಲೆಗಳು ಕೈಬರಹದಲ್ಲಿದ್ದವು. ಕರ್ನಾಟಕದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು ಅವುಗಳನ್ನು ಬರೆದು ಕಾಪಾಡುತ್ತಿದ್ದರು. ವಿಜಯಪುರದ ಕಡೆ ಅವರನ್ನು ತಲಾಠಿಗಳೆಂದು ಕರೆಯುವ ರೂಢಿಯಿತ್ತು. ದಫ್ತರದ ಗಂಟು ಒಬ್ಬರ ಬಳಿ ಇದ್ದುದರಿಂದ ಅದು ನೆನೆದರೂ, ಗೆದ್ದಲು ಹಿಡಿದರೂ, ಯಾರಾದರೂ ತಿದ್ದಿದರೂ ರೈತನಿಗೆ ಬೇರೆ ಆಸರೆ ಇರುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಲು ರಾಜ್ಯ ಸರಕಾರವು 'ಭೂಮಿ' ಎಂಬ ಯೋಜನೆಯನ್ನು ಕೈಗೊಂಡಿತು. 2001ರ ಹೊತ್ತಿಗೆ ಆರಂಭವಾದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂ ಒಡೆಯರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತುಂಬಲಾಯಿತು. ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಗಣಕಯಂತ್ರವು ಅಚ್ಚು ಮಾಡಿಕೊಟ್ಟ ಪ್ರತಿಯನ್ನು ಗ್ರಾಮಲೆಕ್ಕಿಗರು ಮೂಲ ಕೈಬರಹದೊಂದಿಗೆ ತಾಳೆ ನೋಡಿ ತಿದ್ದಿದರು. ಹಾಗೆ ಪರಿಶೀಲಿಸಿದ ಬಳಿಕವೇ ಗಣಕಯಂತ್ರದ ಪಹಣಿಯನ್ನು ಅಧಿಕೃತವೆಂದು ಒಪ್ಪಿ ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು. ಆರಂಭದ ವರ್ಷಗಳಲ್ಲಿ ಈ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿರುತ್ತಿತ್ತು. ಮುಂದೆ ಎಲ್ಲ ತಾಲ್ಲೂಕುಗಳ ದತ್ತಾಂಶವನ್ನು ಬೆಂಗಳೂರಿನಲ್ಲಿರುವ ರಾಜ್ಯ ದತ್ತಾಂಶ ಕೇಂದ್ರಕ್ಕೆ ತರಲಾಯಿತು. ಹೀಗೆ ಒಂದೇ ಹೊಲದ ಲೆಕ್ಕವು ಕಾಗದದಿಂದ ಗಣಕಯಂತ್ರಕ್ಕೆ, ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ, ಒಂದು ತಾಲ್ಲೂಕಿನಿಂದ ಮತ್ತೊಂದು ತಾಲ್ಲೂಕಿಗೆ ಪಯಣ ಮಾಡಿದೆ. ಯಂತ್ರಗಳು ಹಳತಾಗುತ್ತಲೇ ಇರುವುದರಿಂದ ಇಂತಹ ಪಯಣವು ಇನ್ನು ಮುಂದೆಯೂ ತಪ್ಪಿದ್ದಲ್ಲ.

ಈ ಪಯಣದಲ್ಲಿ ದಾಖಲೆಯು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ತಿಳಿಯಲು ಮೊದಲು ಸರ್ವರ್ ಮತ್ತು ಹಾರ್ಡ್ ಡಿಸ್ಕ್‌ಗಳ ಸ್ವರೂಪವನ್ನು ಅರಿಯಬೇಕು. ಹಲವು ಗಣಕಯಂತ್ರಗಳು ಕೇಳಿದ ಮಾಹಿತಿಯನ್ನು ಒದಗಿಸಿಕೊಡುವ ದೊಡ್ಡ ಯಂತ್ರವೇ ಸರ್ವರ್. ಅದರೊಳಗೆ ಮಾಹಿತಿಯು ಸ್ಥಿರವಾಗಿ ನೆಲೆಸಿರುವ ತಾಣವೇ ಹಾರ್ಡ್ ಡಿಸ್ಕ್. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಮೊದಲ ಹಾರ್ಡ್ ಡಿಸ್ಕ್ ಯಂತ್ರವನ್ನು ಹೊರತಂದಿತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ತೂಕವು ಸುಮಾರು ಒಂದು ಟನ್. ಅದು ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಷ್ಟು ದೊಡ್ಡ ಡಿಸ್ಕ್ ಅದಕ್ಕಿಂತ ಲಕ್ಷಾಂತರ ಪಾಲು ಹೆಚ್ಚಿನ ಮಾಹಿತಿಯನ್ನು ಹಿಡಿಯುತ್ತದೆ.

ಡಿಸ್ಕಿನ ಪೆಟ್ಟಿಗೆಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ತಟ್ಟೆಯ ಮೇಲಿನ ತೆಳುವಾದ ಲೇಪದಲ್ಲಿ ಕಾಂತಗುಣವುಳ್ಳ ಸೂಕ್ಷ್ಮ ಕಣಗಳಿವೆ. ಕಣಗಳ ಗುಂಪಿನ ಕಾಂತದಿಕ್ಕು ಬದಲಾಗುವ ಬಗೆಯಿಂದ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳು ಮೂಡುತ್ತವೆ. ಈ ಎರಡು ಗುರುತುಗಳ ಜೋಡಣೆಯಿಂದಲೇ ಹೆಸರು, ಅಂಕಿ, ಚಿತ್ರ ಎಲ್ಲವನ್ನೂ ಬರೆಯಲಾಗುತ್ತದೆ. ಸಾಮಾನ್ಯವಾದ ಒಂದು ಡಿಸ್ಕಿನ ತಟ್ಟೆಯು ನಿಮಿಷಕ್ಕೆ 7,200 ಸಲ, ಎಂದರೆ ಸೆಕೆಂಡಿಗೆ 120 ಸಲ ತಿರುಗುತ್ತದೆ. ಓದುವ ಬರೆಯುವ ಮೊನೆಯು ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತಿರುತ್ತದೆ. ಅವೆರಡರ ನಡುವಿನ ಅಂತರವು ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ತಿರುಗುತ್ತಿರುವಾಗ ಡಿಸ್ಕಿಗೆ ಪೆಟ್ಟು ಬಿದ್ದರೆ ಮೊನೆಯು ತಟ್ಟೆಯನ್ನು ಗೀರುತ್ತದೆ. ಗೀರಿದಲ್ಲಿದ್ದ ಬರಹವು ಮತ್ತೆ ಸಿಕ್ಕುವುದಿಲ್ಲ. ಚಲಿಸುವ ಭಾಗಗಳೇ ಇಲ್ಲದ ಹೊಸ ಬಗೆಯ ಡಿಸ್ಕುಗಳೂ ಈಗ ಬಳಕೆಯಲ್ಲಿವೆ. ಅವು ಪೆಟ್ಟನ್ನು ತಾಳುತ್ತವೆಯಾದರೂ ಒಮ್ಮೆ ಕೆಟ್ಟರೆ ಅವುಗಳಿಂದ ಮಾಹಿತಿಯನ್ನು ಹೊರತೆಗೆಯುವುದು ಇನ್ನೂ ಕಷ್ಟ.

ಈಗ ಒಂದು ಕಚೇರಿಯ ಸರ್ವರ್ ಹಳತಾಗಿ, ಅದರ ಡಿಸ್ಕನ್ನು ಹೊಸ ಸರ್ವರ್‌ಗೆ ವರ್ಗಾಯಿಸಬೇಕಾಗಿದೆಯೆಂದು ಭಾವಿಸೋಣ. ತಿರುಪುಗಳನ್ನು ಬಿಚ್ಚಿ, ಡಿಸ್ಕನ್ನು ತೆಗೆದು, ಇನ್ನೊಂದರಲ್ಲಿ ಕೂಡಿಸುವುದು ಹತ್ತು ನಿಮಿಷಗಳ ಕೆಲಸ. ಆದರೆ ಬಲ್ಲವರು ಆ ಹತ್ತು ನಿಮಿಷಗಳಿಗಾಗಿ ಒಂದೆರಡು ದಿನಗಳ ಸಿದ್ಧತೆಯನ್ನು ಮಾಡುತ್ತಾರೆ.

ಸಿದ್ಧತೆಯ ಮೊದಲ ಮೆಟ್ಟಿಲು ನಕಲು. ಡಿಸ್ಕನ್ನು ಮುಟ್ಟುವ ಮೊದಲು ಅದರಲ್ಲಿರುವುದೆಲ್ಲದರ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ಮಾಡಿ, ಬೇರೊಂದು ಸ್ಥಳದಲ್ಲಿ ಇಡಬೇಕು. ಇಲ್ಲಿ ಹಲವರು ಒಂದು ತಪ್ಪು ತಿಳುವಳಿಕೆಗೆ ಒಳಗಾಗುತ್ತಾರೆ. ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಹಲವು ಡಿಸ್ಕುಗಳನ್ನು ಒಟ್ಟಾಗಿ ಹೂಡಿರುತ್ತಾರೆ. ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 6 ಎಂಬ ಅಂಕಿಗಳಿದ್ದರೆ ಮೂರನೆಯದರಲ್ಲಿ ಅವುಗಳ ಮೊತ್ತವಾದ 10ನ್ನು ಬರೆದಿಟ್ಟಂತೆ ಆ ವ್ಯವಸ್ಥೆ ಇರುತ್ತದೆ. ಎರಡನೆಯ ಡಿಸ್ಕು ಕೆಟ್ಟರೂ 10ರಲ್ಲಿ 4ನ್ನು ಕಳೆದು 6ನ್ನು ಮರಳಿ ಪಡೆಯಬಹುದು. ಇದು ಜಾಣ ಉಪಾಯವೇ ಸರಿ. ಆದರೆ ಇದು ಒಂದು ಡಿಸ್ಕು ಕೆಟ್ಟಾಗ ಕಾಯುತ್ತದೆಯೇ ಹೊರತು, ತಪ್ಪಾಗಿ ಅಳಿಸಿದ ದಾಖಲೆಯನ್ನು ಕಾಯುವುದಿಲ್ಲ. ಬೆಂಕಿ ಬಿದ್ದರೆ ಎಲ್ಲ ಡಿಸ್ಕುಗಳೂ ಒಟ್ಟಿಗೆ ಸುಡುತ್ತವೆ. ಆದುದರಿಂದ ಜೋಡಿ ಡಿಸ್ಕುಗಳಿವೆಯೆಂದು ನಕಲನ್ನು ಕೈಬಿಡಬಾರದು.

ಎರಡನೆಯದು ತಾಳೆಗುರುತು. ಮಾಡಿದ ನಕಲು ಮೂಲದಂತೆಯೇ ಇದೆಯೆಂದು ತಿಳಿಯುವುದು ಹೇಗೆ? 2 ಕೋಟಿ ಪಹಣಿಗಳನ್ನು ಕಣ್ಣಿನಿಂದ ಓದಿ ನೋಡುವುದು ಸಾಧ್ಯವಿಲ್ಲ. ಒಟ್ಟು ವಿಸ್ತೀರ್ಣವನ್ನು ಕೂಡಿ ನೋಡಬಹುದು. ಮೂರು ಹೊಲಗಳ ವಿಸ್ತೀರ್ಣ ಕ್ರಮವಾಗಿ 4, 6, 3 ಎಕರೆ ಇದ್ದರೆ ಮೊತ್ತವು 13. ನಕಲಿನಲ್ಲಿಯೂ ಮೊತ್ತವು 13 ಬಂದರೆ ಸರಿಯೆನಿಸುತ್ತದೆ. ಆದರೆ ಮೊದಲ ಎರಡು ಹೊಲಗಳ ಅಂಕಿಗಳು ಅದಲುಬದಲಾಗಿ 6, 4, 3 ಎಂದಾದರೂ ಮೊತ್ತವು 13ೇ ಆಗಿರುತ್ತದೆ. ಲೆಕ್ಕ ಸರಿಯಾಯಿತು, ಆದರೆ ಒಬ್ಬನ 2 ಎಕರೆ ಇನ್ನೊಬ್ಬನ ಪಾಲಾಯಿತು! ಈ ಮೋಸವನ್ನು ಹಿಡಿಯಲು ಪ್ರತಿಯೊಂದು ಅಂಕಿಯನ್ನು ಅದರ ಸ್ಥಾನದಿಂದ ಗುಣಿಸಿ ಕೂಡಬೇಕು. ಆಗ ಮೂಲದ ಮೊತ್ತವು 4, 12 ಮತ್ತು 9 ಸೇರಿ 25 ಆಗುತ್ತದೆ. ಅದಲುಬದಲಾದ ನಕಲಿನ ಮೊತ್ತವು 6, 8 ಮತ್ತು 9 ಸೇರಿ 23 ಆಗುತ್ತದೆ. ತಪ್ಪು ತಾನಾಗಿ ಹೊರಬೀಳುತ್ತದೆ. ಗಣಕಯಂತ್ರಗಳು ಬಳಸುವ ವಿಧಾನವು ಇದಕ್ಕಿಂತ ಬಹಳ ಜಟಿಲವಾದರೂ ಅದರ ಹಿಂದಿನ ವಿಚಾರವು ಇದೇ ಬಗೆಯದು. ಎಷ್ಟೇ ದೊಡ್ಡ ಕಡತವಾದರೂ ಅದರಿಂದ 64 ಅಂಕಾಕ್ಷರಗಳ ಒಂದು ಸಣ್ಣ ಗುರುತನ್ನು ಪಡೆಯುವ ವಿಧಾನವೊಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಗುರುತು ಪೂರ್ತಿಯಾಗಿ ಬೇರೆಯಾಗುತ್ತದೆ. ಹೊರಡುವ ಮುನ್ನ ಈ ಗುರುತುಗಳನ್ನು ಬರೆದಿಟ್ಟುಕೊಂಡರೆ ತಲುಪಿದ ಮೇಲೆ ಹೋಲಿಸಿ ನೋಡಬಹುದು.

ಮೂರನೆಯದು ಕ್ರಮವಾಗಿ ನಿಲ್ಲಿಸುವುದು. ರೈತನೊಬ್ಬನು 2 ಎಕರೆಯನ್ನು ಮತ್ತೊಬ್ಬನಿಗೆ ಮಾರಿದನೆಂದು ಇಟ್ಟುಕೊಳ್ಳೋಣ. ದಾಖಲೆಯಲ್ಲಿ ಮಾರಿದವನ ಹೆಸರಿನಿಂದ 2 ಎಕರೆ ಕಳೆಯಬೇಕು, ಕೊಂಡವನ ಹೆಸರಿಗೆ 2 ಎಕರೆ ಸೇರಬೇಕು. ಕಳೆಯುವುದಕ್ಕೂ ಸೇರುವುದಕ್ಕೂ ನಡುವೆ ವಿದ್ಯುತ್ತನ್ನು ಕಿತ್ತರೆ ಆ 2 ಎಕರೆ ಯಾರ ಹೆಸರಿನಲ್ಲಿಯೂ ಇಲ್ಲದೆ ಹೋದೀತು. ಉತ್ತಮ ತಂತ್ರಾಂಶಗಳು ಇಂತಹ ಅರ್ಧ ಕೆಲಸವನ್ನು ಗುರುತಿಸಿ ರದ್ದುಪಡಿಸುತ್ತವೆಯಾದರೂ ಅದನ್ನೇ ನಂಬಿ ಕೂಡುವುದು ವಿವೇಕವಲ್ಲ. ಅಲ್ಲದೆ ಬರೆಯಬೇಕಾದ ಮಾಹಿತಿಯಲ್ಲಿ ಸ್ವಲ್ಪ ಭಾಗವು ಡಿಸ್ಕನ್ನು ಸೇರದೆ, ವಿದ್ಯುತ್ತು ಹೋದರೆ ಅಳಿಯುವ ತಾತ್ಕಾಲಿಕ ಸ್ಮೃತಿಯಲ್ಲಿ ಕಾಯುತ್ತಿರುತ್ತದೆ. ಆದುದರಿಂದ ಹೊಸ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಿ, ಯಂತ್ರಕ್ಕೆ ಹೇಳಿಯೇ ಅದನ್ನು ಮಲಗಿಸಬೇಕು.

ನಾಲ್ಕನೆಯದು ಸಾಗಣೆ. ಡಿಸ್ಕನ್ನು ತೆಗೆಯುವ ಮುನ್ನ ಯಾವ ಗೂಡಿನಲ್ಲಿ ಯಾವುದಿತ್ತೆಂಬುದನ್ನು ಚೀಟಿ ಅಂಟಿಸಿ ಗುರುತು ಮಾಡಬೇಕು; ಕೆಲವು ಯಂತ್ರಗಳಲ್ಲಿ ಈ ಕ್ರಮ ತಪ್ಪಿದರೆ ಜೋಡಣೆಯೇ ಕೆಡುತ್ತದೆ. ತಟ್ಟೆಯು ತಿರುಗುವುದು ಪೂರ್ತಿಯಾಗಿ ನಿಂತ ಮೇಲೆಯೇ ಡಿಸ್ಕನ್ನು ಎತ್ತಬೇಕು. ಒಣಹವೆಯಲ್ಲಿ ಮನುಷ್ಯನ ಮೈಯಲ್ಲಿ ಸಂಗ್ರಹವಾಗುವ ಸ್ಥಿರವಿದ್ಯುತ್ತಿನ ಒಂದು ಕಿಡಿಯೂ ಡಿಸ್ಕಿನ ಮಂಡಲವನ್ನು ಸುಡಬಲ್ಲುದು. ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವ ವಿಜಯಪುರದಂತಹ ಒಣನಾಡಿನಲ್ಲಿ ಈ ಅಪಾಯವು ಹೆಚ್ಚು. ಆದುದರಿಂದ ಕೆಲಸ ಮಾಡುವವರು ಮಣಿಕಟ್ಟಿಗೆ ನೆಲಸಂಪರ್ಕದ ಪಟ್ಟಿಯನ್ನು ಕಟ್ಟಿಕೊಂಡು, ಡಿಸ್ಕನ್ನು ಸ್ಥಿರವಿದ್ಯುತ್ತನ್ನು ತಡೆಯುವ ಚೀಲದಲ್ಲಿಟ್ಟು, ಮೆತ್ತನೆಯ ಹೊದಿಕೆಯೊಳಗೆ ಸಾಗಿಸುತ್ತಾರೆ. ಮಳೆಗಾಲದಲ್ಲಿ ತಂಪಾದ ಕೋಣೆಯಿಂದ ತೇವದ ಗಾಳಿಗೆ ತಂದ ಡಿಸ್ಕಿನ ಮೇಲೆ ನೀರಹನಿಗಳು ಕೂಡಬಹುದು. ಆಗ ಕೆಲವು ಗಂಟೆ ಹಾಗೆಯೇ ಬಿಟ್ಟು, ಅದು ಒಣಗಿದ ಬಳಿಕ ವಿದ್ಯುತ್ತನ್ನು ಕೊಡಬೇಕು.

ಐದನೆಯ ಮೆಟ್ಟಿಲು ಎಲ್ಲಕ್ಕಿಂತ ಸೂಕ್ಷ್ಮವಾದುದು. ಹೊಸ ಸರ್ವರ್‌ಗೆ ಈ ಡಿಸ್ಕಿನ ಪರಿಚಯವಿಲ್ಲ. ಅದು ಪರದೆಯ ಮೇಲೆ ಒಂದು ಪ್ರಶ್ನೆಯನ್ನು ಕೇಳಬಹುದು: ಅಪರಿಚಿತ ಡಿಸ್ಕ್ ದೊರೆತಿದೆ, ಇದರ ಹಳೆಯ ರಚನೆಯನ್ನು ಸ್ವೀಕರಿಸಬೇಕೇ, ಅಳಿಸಬೇಕೇ? ಅವಸರದಲ್ಲಿ ಎರಡನೆಯದನ್ನು ಒತ್ತಿದವನು ತನ್ನ ಕೈಯಿಂದಲೇ ವರ್ಷಗಳ ದಾಖಲೆಯನ್ನು ಕಳೆದುಕೊಳ್ಳುತ್ತಾನೆ. ದಾರಿಯಲ್ಲಿ ಬಿದ್ದು ಒಡೆಯದ ಡಿಸ್ಕೂ ಹೀಗೆ ಮನೆಯ ಹೊಸ್ತಿಲಲ್ಲಿ ಬರಿದಾಗಬಹುದು. ಆದುದರಿಂದ ಪ್ರಶ್ನೆಯು ಅರ್ಥವಾಗುವವರೆಗೆ ಉತ್ತರ ಕೊಡಬಾರದು. ಹೊಸ ಯಂತ್ರವು ಡಿಸ್ಕುಗಳನ್ನು ಬೇರೆ ಹೆಸರಿನಿಂದ ಕರೆಯುವುದೂ ಉಂಟು. ಹಳೆಯದರಲ್ಲಿ ಮೊದಲನೆಯದಾಗಿದ್ದುದು ಹೊಸದರಲ್ಲಿ ಎರಡನೆಯದಾಗಬಹುದು. ಅದಕ್ಕಾಗಿ ಡಿಸ್ಕಿನ ಪ್ರತಿಯೊಂದು ವಿಭಾಗದೊಳಗೂ ಬದಲಾಗದ ಒಂದು ಉದ್ದನೆಯ ಗುರುತಿನ ಸಂಖ್ಯೆಯನ್ನು ಬರೆದಿರುತ್ತಾರೆ. ಊರು ಯಾವ ತಾಲ್ಲೂಕಿಗೆ ಹೋದರೂ ಹೊಲದ ಸರ್ವೆ ನಂಬರು ಹೊಲವನ್ನು ತೋರಿಸಿಕೊಡುವಂತೆ, ಡಿಸ್ಕು ಯಾವ ಯಂತ್ರಕ್ಕೆ ಹೋದರೂ ಈ ಸಂಖ್ಯೆಯು ವಿಭಾಗವನ್ನು ತೋರಿಸಿಕೊಡುತ್ತದೆ. ಇನ್ನು ಕೆಲವು ಡಿಸ್ಕುಗಳಿಗೆ ಗೂಢಲಿಪಿಯ ಬೀಗ ಹಾಕಿರುತ್ತಾರೆ. ಬೀಗದ ಕೈ ಹಳೆಯ ಯಂತ್ರದಲ್ಲಿಯೇ ಉಳಿದರೆ ಡಿಸ್ಕು ಕೈಯಲ್ಲಿದ್ದರೂ ಓದಲು ಬರುವುದಿಲ್ಲ. ಆದುದರಿಂದ ಆ ಕೀಲಿಯನ್ನು ಹೊರಡುವ ಮುನ್ನವೇ ಬೇರೆ ಕಡೆ ಭದ್ರವಾಗಿ ತೆಗೆದಿರಿಸಬೇಕು.

ಕೊನೆಯದಾಗಿ, ಹೊಸ ಯಂತ್ರದಲ್ಲಿ ಡಿಸ್ಕನ್ನು ಮೊದಲು ಓದಲು ಮಾತ್ರ ತೆರೆಯಬೇಕು, ಬರೆಯಲು ಬಿಡಬಾರದು. ಬರೆದಿಟ್ಟುಕೊಂಡ ತಾಳೆಗುರುತುಗಳನ್ನು ಹೋಲಿಸಿ, ಅಲ್ಲಲ್ಲಿ ಕೆಲವು ದಾಖಲೆಗಳನ್ನು ತೆರೆದು ಓದಿ, ಎಲ್ಲವೂ ಸರಿಯಿದೆಯೆಂದು ಮನವರಿಕೆಯಾದ ಮೇಲೆಯೇ ದಿನದ ಕೆಲಸಕ್ಕೆ ಬಿಡಬೇಕು. ಆಗಲೂ ಮೊದಲು ಮಾಡಿದ ನಕಲನ್ನು ಅಳಿಸದೆ ಬಹುದಿನ ಇಟ್ಟುಕೊಳ್ಳಬೇಕು. ಕೆಲವು ತಪ್ಪುಗಳು ಮೊದಲ ದಿನವೇ ಮುಖ ತೋರಿಸುವುದಿಲ್ಲ.

ಈ ವಿವೇಕವು ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ಇದೇ ವಿಜಯಪುರದಲ್ಲಿ ಶತಮಾನದ ಹಿಂದೆ ಇನ್ನೊಂದು ಬಗೆಯ ಸ್ಥಳಾಂತರವು ನಡೆಯಿತು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಆಗ ತಾಳೆಯೋಲೆಗಳಲ್ಲಿದ್ದವು. ಮಠಗಳಲ್ಲಿಯೂ ಮನೆಗಳ ಜಗುಲಿಗಳಲ್ಲಿಯೂ ಪೂಜೆಗೊಳ್ಳುತ್ತ, ಓದುವವರಿಲ್ಲದೆ, ಹುಳು ಹಿಡಿದು ಅವು ನಶಿಸುತ್ತಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಈ ಓಲೆಗಳನ್ನು ಹುಡುಕಿ ಸಂಗ್ರಹಿಸಿದರು. ಓಲೆಯ ಬರಹವೂ ನಕಲಿನ ನಕಲೇ ಆಗಿತ್ತು. ಒಬ್ಬ ಲಿಪಿಕಾರನು ಬಿಟ್ಟ ಅಕ್ಷರವನ್ನು ಮುಂದಿನವನೂ ಬಿಡುತ್ತಿದ್ದನು. ಆದುದರಿಂದ ಓಲೆಯ ಪಾಠವನ್ನು ನಿರ್ಧರಿಸಬೇಕಾದರೆ ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ಪಾಠಾಂತರಗಳನ್ನು ನೋಡಬೇಕಾಗುತ್ತದೆ. ಓಲೆಗಳ ತಾಳೆಯೂ ಇಂದಿನ ತಾಳೆಗುರುತೂ ಒಂದೇ ಪ್ರಶ್ನೆಗೆ ಉತ್ತರವನ್ನು ಅರಸುತ್ತವೆ: ಬಂದುದು ಮೂಲದಂತೆಯೇ ಬಂದಿದೆಯೇ?

1923ರಲ್ಲಿ ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಪ್ರಕಟವಾಯಿತು. ಅಚ್ಚಿನ ಕೆಲಸಕ್ಕೆಂದು ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಒಂದೇ ಓಲೆಯ ಕಟ್ಟಿನಲ್ಲಿದ್ದ ವಚನವು ಅಚ್ಚಾಗಿ ನೂರಾರು ಮನೆಗಳನ್ನು ಸೇರಿತು. ಆ ಮೇಲೆ ಒಂದು ಪ್ರತಿ ಸುಟ್ಟರೂ, ಒಂದು ಪ್ರತಿ ಹರಿದರೂ ವಚನವು ಅಳಿಯುವ ಭಯವಿರಲಿಲ್ಲ. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರು ಓಲೆಯಿಂದ ಕಾಗದಕ್ಕೆ ದಾಟಿಸಿದ ಸಂಪತ್ತು ಇಂದು ಕಾಗದದಿಂದ ಹಾರ್ಡ್ ಡಿಸ್ಕಿಗೂ ದಾಟಿದೆ.

ಓಲೆ, ಕಾಗದ, ಡಿಸ್ಕು ಇವು ಮೂರೂ ಒಂದಲ್ಲ ಒಂದು ದಿನ ಸವೆಯುವ ವಸ್ತುಗಳು. ಯಾವ ವಸ್ತುವೂ ದಾಖಲೆಯನ್ನು ಶಾಶ್ವತವಾಗಿ ಕಾಯಲಾರದು, ಕಾಯುವವರು ಮನುಷ್ಯರು. ವಸ್ತುವು ಸವೆಯುವ ಮುನ್ನ ಅದರಲ್ಲಿರುವುದನ್ನು ಮತ್ತೊಂದಕ್ಕೆ ದಾಟಿಸಿ, ದಾಟಿದುದನ್ನು ಮೂಲದೊಂದಿಗೆ ತಾಳೆ ನೋಡಿ, ಒಂದಕ್ಕಿಂತ ಹೆಚ್ಚು ಕಡೆ ಇರಿಸುವ ಜನರಿರುವವರೆಗೆ ಮಾತ್ರ ದಾಖಲೆಯು ಬದುಕುತ್ತದೆ. ತಿಕೋಟಾದ ದ್ರಾಕ್ಷಿಬೆಳೆಗಾರನಾಗಲಿ, ಬಬಲೇಶ್ವರದ ಜೋಳ ಬೆಳೆಯುವ ರೈತನಾಗಲಿ ಕಿಟಕಿಯ ಮುಂದೆ ನಿಂತು ತನ್ನ ಉತಾರವನ್ನು ಪಡೆದಾಗ ಈ ಪಯಣದ ವಿಷಯವನ್ನೆಲ್ಲ ಯೋಚಿಸುವುದಿಲ್ಲ. ತಾಲ್ಲೂಕಿನ ಹೆಸರು ಹೊಸದಾಗಿದೆ. ಅದರ ಕೆಳಗೆ ಅಜ್ಜನ ಕಾಲದಿಂದ ಬಂದ ಸರ್ವೆ ನಂಬರು ಇದೆ, ಎಕರೆ ಗುಂಟೆಗಳು ಇದ್ದಂತೆಯೇ ಇವೆ. ಅವನು ಅದನ್ನು ಒಮ್ಮೆ ಓದಿ, ಮಡಿಚಿ, ಕಿಸೆಯಲ್ಲಿಟ್ಟುಕೊಂಡು ಹೊಲದ ಕಡೆಗೆ ನಡೆಯುತ್ತಾನೆ. ಹಾಗೆ ನಿಶ್ಚಿಂತನಾಗಿ ನಡೆಯಲು ಅವನಿಗೆ ಸಾಧ್ಯವಾದುದು ಎಲ್ಲಿಯೋ ಯಾರೋ ಹಳೆಯದನ್ನು ಬಿಡುವ ಮುನ್ನ ಹೊಸದನ್ನು ಓದಿ ನೋಡಿದುದರಿಂದಲೇ.